ಲೋಟದಲ್ಲಿರುವ ಉಪ್ಪಿಗೆ ಉಪ್ಪು ಅನ್ನಿ

ಮೆಕ್ಸಿಕೋದ ವೈನ್ ಬಗ್ಗೆ ಮಾತಾಡುವವರಲ್ಲಿ ಎರಡು ಪಂಗಡ. ಒಂದು ಪಂಗಡಕ್ಕೆ ಅಲ್ಲಿ ವೈನ್ ಆಗುತ್ತದೆ ಅನ್ನುವುದೇ ತಮಾಷೆ. ಮೆಕ್ಸಿಕೋ ಎಂದರೆ ಟಕೀಲ, ನಿಂಬೆಹೋಳು, ಅಗಲ ಟೋಪಿ, ಮುಗಿಯಿತು. ಇನ್ನೊಂದು ಪಂಗಡ ಬಾಹಾ ಕ್ಯಾಲಿಫೋರ್ನಿಯಾದ ಗ್ವಾದಲೂಪೆ ಕಣಿವೆಗೆ ಒಂದು ವಾರಾಂತ್ಯ ಹೋಗಿಬಂದು, ಆ ಕೆಂಪು ವೈನಿನಲ್ಲಿ ಖನಿಜದ ಸೊಗಸಿದೆ, ಕಡಲಿನ ನೆನಪಿದೆ ಎಂದು ಕವಿತೆ ಕಟ್ಟುತ್ತದೆ. ಮೊದಲನೆಯವರ ಅಜ್ಞಾನವನ್ನು ಒಂದು ಲೋಟ ಕುಡಿಸಿ ಸರಿಮಾಡಬಹುದು. ನನ್ನ ತಕರಾರು ಎರಡನೆಯವರ ಜೊತೆ.

ಆ ಖನಿಜದ ಸೊಗಸಿಗೆ ನಮ್ಮ ಊರಿನ ಯಾವ ಅಜ್ಜಿಯಾದರೂ ಒಂದೇ ಗುಟುಕಿಗೆ ಹೆಸರು ಹೇಳುತ್ತಾಳೆ: ಉಪ್ಪು. ಸವಳು ಬೋರ್‌ವೆಲ್ ನೀರಿನ ಕಾಫಿ ಕುಡಿದು ಬೆಳೆದವರಿಗೆ ಅದನ್ನು ಯಾರೂ ಕಲಿಸಿಕೊಡಬೇಕಿಲ್ಲ.

ಮೊದಲು ಮೆಕ್ಸಿಕೋಗೆ ಸಲ್ಲಬೇಕಾದದ್ದನ್ನು ಸಲ್ಲಿಸಿಬಿಡೋಣ. ಅಮೆರಿಕ ಖಂಡಗಳಲ್ಲೇ ಅತ್ಯಂತ ಹಳೆಯ ವೈನರಿ ಇರುವುದು ನಾಪಾದಲ್ಲೂ ಅಲ್ಲ, ಚಿಲಿಯಲ್ಲೂ ಅಲ್ಲ. ಉತ್ತರ ಮೆಕ್ಸಿಕೋದ ಕೊವಾವಿಲಾ ರಾಜ್ಯದ ಪಾರ್ರಾಸ್ ಊರಿನಲ್ಲಿ. 1597ರಲ್ಲಿ ಲೊರೆಂಜೊ ಗಾರ್ಸಿಯಾ ಎಂಬಾತ ವೈನ್ ಮಾಡಲೆಂದೇ ಸ್ಪೇನಿನ ದೊರೆ ಎರಡನೇ ಫಿಲಿಪ್‌ನಿಂದ ಜಮೀನು ಪಡೆದ. ಅದೇ ಇವತ್ತಿನ ಕಾಸಾ ಮದೇರೊ. ತಮಾಷೆಯೆಂದರೆ ಅದೇ ದೊರೆಯ ಕಾಲದಲ್ಲೇ ವಸಾಹತಿನಲ್ಲಿ ಹೊಸ ಬಳ್ಳಿ ನೆಡಬಾರದೆಂಬ ನಿಷೇಧವೂ ಬಂತು. 1699ರಲ್ಲಿ ಇನ್ನೊಬ್ಬ ದೊರೆ ಚರ್ಚಿನ ಪೂಜೆಗೆ ಬಿಟ್ಟು ಬೇರೆ ವೈನೇ ಕೂಡದು ಎಂದ. ಸ್ಪೇನಿನ ಪೀಪಾಯಿಗಳು ಖರ್ಚಾಗಬೇಕಲ್ಲ! ಮತ್ತೆ 1986ರಲ್ಲಿ ಮೆಕ್ಸಿಕೋ ಗ್ಯಾಟ್ ಒಪ್ಪಂದಕ್ಕೆ ಸೇರಿದಾಗ ಯುರೋಪಿನ ಅಗ್ಗದ ವೈನ್ ನುಗ್ಗಿ ಎಷ್ಟೋ ವೈನರಿಗಳು ಬಾಗಿಲು ಹಾಕಿದವು. ಇವತ್ತಿಗೂ ಅಲ್ಲಿ ಸಾಮಾನ್ಯ ವೈನ್ ಬಾಟಲಿಯ ಮೇಲೆ 26.5 ಶೇಕಡ ವಿಶೇಷ ತೆರಿಗೆ, ಅದರ ಮೇಲೆ 16 ಶೇಕಡ ವ್ಯಾಟ್. ಹೊರಗಿನ ವೈನಿಗೂ ಅದೇ ತೆರಿಗೆ ಎನ್ನುವವರಿದ್ದಾರೆ. ನಿಜ, ಆದರೆ ಯುರೋಪಿನ ದ್ರಾಕ್ಷಿ ಬೆಳೆಗಾರನ ಬೆನ್ನಿಗೆ ಸಬ್ಸಿಡಿ ಇದೆ. ಹೀಗೆ ನಾಲ್ಕು ಶತಮಾನ ತಲೆಯ ಮೇಲೆ ಕುಟ್ಟಿಸಿಕೊಂಡ ವೈನ್ ಇನ್ನೂ ಬದುಕಿದೆ, ಚೆನ್ನಾಗಿಯೂ ಇದೆ. ಅದನ್ನು ಫ್ರಾನ್ಸಿನದರ ಪಕ್ಕ ನಿಲ್ಲಿಸಿ ಅಂಕ ಕೊಡುವವರಿಗೆ ಸ್ವಲ್ಪ ನಾಚಿಕೆ ಇರಬೇಕು.

ಹಾಗಾದರೆ ಸವಿಯುವುದು ಹೇಗೆ? ಇಂಗ್ಲಿಷಿನ ಪುಸ್ತಕ ಪಕ್ಕಕ್ಕಿಡಿ. ಬ್ಲ್ಯಾಕ್‌ಕರಂಟ್, ಸೀಡರ್ ಮರ ಎಂದೆಲ್ಲ ಒಪ್ಪಿಸುವವರಲ್ಲಿ ಎಷ್ಟು ಜನ ಅವನ್ನು ಕಣ್ಣಾರೆ ಕಂಡಿದ್ದಾರೋ ದೇವರೇ ಬಲ್ಲ. ಟ್ಯಾನಿನ್ ಎಂದು ತಡಬಡಾಯಿಸುವ ಬದಲು ನಮ್ಮಲ್ಲಿ ‘ಒಗರು’ ಅನ್ನುವ ಪದವಿದೆ. ನೆಲ್ಲಿಕಾಯಿ ಕಚ್ಚಿದಾಗಿನ ಒಗರು ಬೇರೆ, ಬಾಳೆಕಾಯಿಯದು ಬೇರೆ, ಹಸಿ ಅಡಿಕೆಯದು ಬೇರೆ ಅಂತ ಗೊತ್ತಿರುವ ನಾಲಿಗೆಗೆ ಬಾಹಾದ ನೆಬ್ಬಿಯೋಲೊ ಅರ್ಥವಾಗದೇ ಇರುತ್ತದೆಯೇ? ಇಟಲಿಯ ನೆಬ್ಬಿಯೋಲೊ ತಿಳಿಗೆಂಪು; ಇಲ್ಲಿನದು ಕಪ್ಪಿಗೆ ತಿರುಗಿದ ನೇರಳೆ. ಎರಡೂ ಒಂದೇ ತಳಿಯೇ ಎಂಬ ಜಗಳ ಇನ್ನೂ ನಡೆಯುತ್ತಲೇ ಇದೆ. ನಡೆಯಲಿ ಬಿಡಿ. ಕೆಂಪು ವೈನನ್ನು ಸ್ವಲ್ಪ ತಂಪು ಮಾಡಿ ಕುಡಿಯಿರಿ. ಬಿಸಿಲುನಾಡಿನ ವೈನ್ ಬೆಚ್ಚಗಾದರೆ ಮದ್ಯದ ಘಾಟೇ ಮೇಲೇಳುತ್ತದೆ. ಬಿಳಿ ವೈನನ್ನು ಎನ್ಸೆನಾದಾದ ಮೀನು, ನಿಂಬೆಹುಳಿ, ಹಸಿಮೆಣಸಿನ ಜೊತೆ ಇಡಿ. ಖಾರದ ಜೊತೆ ಒಗರು ಹೆಚ್ಚಿದ್ದರೆ ಬಾಯಿ ಉರಿಯುತ್ತದೆ, ಹುಳಿ ಹೆಚ್ಚಿದ್ದರೆ ನೀರೂರುತ್ತದೆ. ಇದಕ್ಕೆ ಸರ್ಟಿಫಿಕೇಟ್ ಕೋರ್ಸ್ ಬೇಕಿಲ್ಲ. ಉಪ್ಪಿನಕಾಯಿ ಜಾಡಿ ಮುಟ್ಟಿದ ಮನೆಯಲ್ಲಿ ಹುಟ್ಟಿದ್ದರೆ ಸಾಕು.

ಈಗ ಉಪ್ಪಿಗೆ ಬರೋಣ.

ಮೆಕ್ಸಿಕೋದ ವೈನಿನಲ್ಲಿ ಅರ್ಧಕ್ಕಿಂತ ಹೆಚ್ಚು ಬಾಹಾ ಕ್ಯಾಲಿಫೋರ್ನಿಯಾದ್ದು, ಅದರ ಹೃದಯ ಗ್ವಾದಲೂಪೆ ಕಣಿವೆ. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ ಮಾತ್ರ, ಅದೂ ಹನಿ ಲೆಕ್ಕದಲ್ಲಿ. ನಂಬಿಕೆಯೆಲ್ಲ ಅಂತರ್ಜಲದ ಮೇಲೆ. ಕಣಿವೆಯ ಕೊಳವೆಬಾವಿಗಳಿಂದ ಬಳ್ಳಿಗೆ ಮಾತ್ರವಲ್ಲ, ಎನ್ಸೆನಾದಾ ಪಟ್ಟಣಕ್ಕೂ ನೀರು ಹೋಗಿದೆ. ಒಳಗೆ ಇಳಿಯುವುದಕ್ಕಿಂತ ಹೊರಗೆ ಎತ್ತುವುದೇ ಹೆಚ್ಚು ಎಂದು ಸರ್ಕಾರದ ಲೆಕ್ಕವೇ ಒಪ್ಪುತ್ತದೆ. ಸಾಲದ್ದಕ್ಕೆ ನೀರು ಇಂಗಿಸಬೇಕಾದ ಹಳ್ಳದ ಮರಳನ್ನು ಬಗೆದು ಗಡಿಯಾಚೆಯ ಅಮೆರಿಕದ ಕಟ್ಟಡಗಳಿಗೆ ಮಾರಿದರು. ಮರಳು ಲಾರಿಯ ಕಥೆ ನಮಗೆ ಬಿಡಿಸಿ ಹೇಳಬೇಕೇ? ನೀರು ಆಳಕ್ಕಿಳಿದಷ್ಟೂ ಸವಳು. ಸವಳು ನೀರು ಕುಡಿದ ಬಳ್ಳಿ ಉಪ್ಪನ್ನು ಎಲೆಗೂ ಹಣ್ಣಿಗೂ ಕಳಿಸುತ್ತದೆ. ಅದೇ ನಿಮ್ಮ ಲೋಟದ ಖನಿಜ, ಅದೇ ನಿಮ್ಮ ಕಡಲಿನ ನೆನಪು. ಕಡಲ ಮಂಜಿನ, ಮಣ್ಣಿನ ಪಾಲೂ ಇದೆ ಎಂದು ವಾದಿಸುವವರಿದ್ದಾರೆ. ಇರಬಹುದು. ಆದರೆ ಮಂಜಿನ ಹೆಸರು ಹೇಳಿ ಬಾವಿಯ ಹೆಸರು ನುಂಗುವುದು ರುಚಿ ವಿಮರ್ಶೆಯಲ್ಲ, ಜಾಹೀರಾತು.

ಹಾಗಂತ ಕುಡಿಯಬೇಡಿ ಎನ್ನುತ್ತಿಲ್ಲ. ಬಳ್ಳಿಯನ್ನು ದೂರುವುದೂ ಸುಲಭದ ಮಾತು. ಸೊಪ್ಪು ತರಕಾರಿಗೆ ಹೋಲಿಸಿದರೆ ದ್ರಾಕ್ಷಿಗೆ ಬೇಕಾದ ನೀರು ಕಡಿಮೆ. ಬಳ್ಳಿ ಹೋದ ಜಾಗಕ್ಕೆ ಬರುವುದು ಕಾಡಲ್ಲ. ರೆಸಾರ್ಟು, ಬಡಾವಣೆ, ಸಾವಿರಾರು ಜನರ ಸಂಗೀತ ರಾತ್ರಿ. ಕಣಿವೆಯ ಬೆಳೆಗಾರರೇ ವರ್ಷಗಳಿಂದ ಅದರ ವಿರುದ್ಧ ಕೂಗುತ್ತಿದ್ದಾರೆ. ಅವರ ಕೂಗು ಪ್ರವಾಸ ಬರಹಗಳಲ್ಲಿ ಕೇಳಿಸುವುದಿಲ್ಲ. ಹಣ್ಣು ಕೊಯ್ಯುವವರದ್ದಂತೂ ಇಲ್ಲವೇ ಇಲ್ಲ. ಬಾಹಾದ ಹೊಲಗಳಲ್ಲಿ ದುಡಿಯುವವರಲ್ಲಿ ಬಹಳಷ್ಟು ಮಂದಿ ದೂರದ ಒಹಾಕಾದಿಂದ ಗುಳೆ ಬಂದ ಮೂಲನಿವಾಸಿಗಳು. ಇದೇ ಕರಾವಳಿಯ ದಕ್ಷಿಣದ ಸ್ಯಾನ್ ಕಿಂತಿನ್‌ನಲ್ಲಿ 2015ರ ಮಾರ್ಚ್‌ನಲ್ಲಿ ಸ್ಟ್ರಾಬೆರಿ, ಟೊಮೆಟೊ ಕೊಯ್ಯುವ ಸಾವಿರಾರು ಕೂಲಿಕಾರರು ಹೆದ್ದಾರಿ ತಡೆದು ಕೂತ ಮೇಲಷ್ಟೇ ಪತ್ರಿಕೆಗಳು ಅವರತ್ತ ತಿರುಗಿದ್ದು.

ಈ ಜಗಳ ಕನ್ನಡದಲ್ಲಿ ಯಾಕೆ ಅಂತೀರಾ? ತಿಜುವಾನಾದ ಕೊಳಚೆ ನೀರನ್ನು ಶುದ್ಧಮಾಡಿ ಪೈಪಿನಲ್ಲಿ ಗ್ವಾದಲೂಪೆ ಕಣಿವೆಗೆ ತರುವ ಯೋಜನೆಯೊಂದು ಅಲ್ಲಿ ಚರ್ಚೆಯಲ್ಲಿತ್ತು. ಬೆಂಗಳೂರಿನ ಕೊಳಚೆ ನೀರು ಎರಡು ಹಂತದ ಶುದ್ಧೀಕರಣ ಮುಗಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ 2018ರಿಂದಲೇ ಹರಿಯುತ್ತಿದೆ. ಹೆಬ್ಬಾಳ, ನಾಗವಾರದ್ದು ಚಿಕ್ಕಬಳ್ಳಾಪುರದತ್ತ. ಅಲ್ಲೇ ಅಲ್ಲವೇ ಭೌಗೋಳಿಕ ಗುರುತಿನ ಬೆಂಗಳೂರು ಬ್ಲೂ ದ್ರಾಕ್ಷಿ ಬೆಳೆಯುವುದು, ನಂದಿಬೆಟ್ಟದ ತಪ್ಪಲಿನ ವೈನ್ ಟೂರಿಗೆ ಬಸ್ಸು ಹೊರಡುವುದು? 2007ರ ನಮ್ಮ ವೈನ್ ನೀತಿ ಬಂದಾಗಿನಿಂದ ನಾವೂ ನಾಪಾ ಕನಸು ಕಾಣುತ್ತಿದ್ದೇವೆ. ಕನಸಿಗೆ ಮಾದರಿ ಬೇಕಿದ್ದರೆ ನೋಡಬೇಕಾದ್ದು ಗ್ವಾದಲೂಪೆಯನ್ನು: ಬರಗಾಲ, ಬೋರ್‌ವೆಲ್, ಪಕ್ಕದಲ್ಲಿ ಬಾಯಾರಿದ ಮಹಾನಗರ.

ಸ್ಯಾನ್ ಡಿಯಾಗೊದಲ್ಲಿರುವ ಕನ್ನಡಿಗರೇ, ನಿಮಗೆ ಆ ಕಣಿವೆ ಗಡಿ ದಾಟಿದರೆ ಒಂದೂವರೆ ಗಂಟೆಯ ದಾರಿ. ಹೋಗಿ, ಖುಷಿಯಾಗಿ ಕುಡಿಯಿರಿ. ಟೇಸ್ಟಿಂಗ್ ಕೌಂಟರಿನಲ್ಲಿ ಯಾವ ಓಕ್ ಪೀಪಾಯಿ, ಎಷ್ಟು ತಿಂಗಳು ಎಂದು ಕೇಳುತ್ತೀರಲ್ಲ, ಆಮೇಲೆ ಈ ಬಳ್ಳಿಗೆ ನೀರು ಎಲ್ಲಿಂದ, ಬಾವಿ ಎಷ್ಟು ಆಳ ಅಂತಲೂ ಕೇಳಿ. ತೆಕಾತೆ ಸುತ್ತಮುತ್ತ ಹಳೆಯ ಮಿಷನ್ ತಳಿಯ ಬಳ್ಳಿಗಳಿವೆ. ಆಸರೆ ಕಂಬವಿಲ್ಲ, ಪೈಪಿಲ್ಲ, ಪೊದೆಯಂತೆ ನೆಲಕ್ಕೆ ಕೂತು ಮಳೆ ಕೊಟ್ಟಷ್ಟರಲ್ಲೇ ಬದುಕುವಂಥವು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಶುದ್ಧ ಖುಷ್ಕಿ. ಇಳುವರಿ ಕಡಿಮೆ, ಬಣ್ಣ ತಿಳಿ, ಬೆಲೆ ಮಾತ್ರ ಜಾಸ್ತಿ. ಆ ಬಾಟಲಿ ಸಿಕ್ಕರೆ ಚೌಕಾಸಿ ಮಾಡದೆ ತೆಗೆದುಕೊಳ್ಳಿ.