ಬಾನಿಗೇರುವ ಪೆಟ್ಟಿಗೆಯೂ ಕೈಕಾಯಕವೂ

ನಮ್ಮ ಶಾಲೆಗಳಲ್ಲಿ ವಿಜ್ಞಾನವು ಬಹುಮಟ್ಟಿಗೆ ಓದುವ ವಿಷಯವಾಗಿ ಉಳಿದಿದೆಯೇ ಹೊರತು ಮಾಡುವ ವಿಷಯವಾಗಿಲ್ಲ. ಉಪಕರಣಗಳು ಬೀರುವಿನಲ್ಲಿ ಭದ್ರವಾಗಿರುತ್ತವೆ. ವಿದ್ಯಾರ್ಥಿಯು ಅವುಗಳ ಚಿತ್ರ ಬರೆದು ಅಂಕ ಗಳಿಸುತ್ತಾನೆ. ಈ ಕೊರತೆಯನ್ನು ನೀಗಬಲ್ಲ ಸಾಧನಗಳಲ್ಲಿ, ವಿದ್ಯಾರ್ಥಿಗಳೇ ಕಟ್ಟಿ ಹಾರಿಸುವ ಬಲೂನು ಒಂದು.

ಬಲೂನನ್ನು ಆಟಿಕೆಯೆಂದು ಕಡೆಗಣಿಸಲಾಗದು. ಫ್ರಾನ್ಸಿನ ಟೆಸರೆಂಕ್ ದ ಬೋರ್ ಅವರು 1902ರಲ್ಲಿ ಸಮೋಷ್ಣ ಮಂಡಲದ ಇರವನ್ನು ಸಾರಿದುದು ಬಲೂನುಗಳು ತಂದ ಅಳತೆಗಳಿಂದಲೇ. 1912ರಲ್ಲಿ ವಿಕ್ಟರ್ ಹೆಸ್ ಅವರು ತಾವೇ ಬಲೂನನ್ನೇರಿ ವಿಶ್ವಕಿರಣಗಳನ್ನು ಗುರುತಿಸಿದರು. 1936ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯೂ ಹೊಸಕೋಟೆಯಿಂದ ಇಂತಹ ಬಲೂನುಗಳನ್ನು ಹಾರಿಸಿದೆ.

ರಚನೆ ಸರಳ. ಥರ್ಮೋಕೋಲಿನ ಪೆಟ್ಟಿಗೆಯೊಳಗೆ ಉಷ್ಣತಾಮಾಪಕ, ಒತ್ತಡಮಾಪಕ, ಕ್ಯಾಮೆರಾ, ಜಿಪಿಎಸ್; ಮೇಲೆ ಪ್ಯಾರಾಚೂಟು; ಅದರ ಮೇಲೆ ಹೀಲಿಯಂ ತುಂಬಿದ ರಬ್ಬರಿನ ಬಲೂನು. ಒಂದು ಘನಮೀಟರ್ ಹೀಲಿಯಂ ಸುಮಾರು ಒಂದು ಕಿಲೋಗ್ರಾಂ ತೂಕವನ್ನು ಎತ್ತಬಲ್ಲದು. ಸೆಕೆಂಡಿಗೆ 5 ಮೀಟರಿನಂತೆ ಏರಿದರೆ 100 ನಿಮಿಷಗಳಲ್ಲಿ 30 ಕಿಲೋಮೀಟರ್. ಅಲ್ಲಿ ಗಾಳಿಯ ಒತ್ತಡ ನೆಲಮಟ್ಟದ ನೂರರಲ್ಲೊಂದು ಪಾಲಿನಷ್ಟೇ. ಆದುದರಿಂದ ಬಲೂನು ಹಿಗ್ಗಿ ಹಿಗ್ಗಿ ಒಡೆಯುತ್ತದೆ, ಪೆಟ್ಟಿಗೆ ಪ್ಯಾರಾಚೂಟಿನಿಂದ ಇಳಿಯುತ್ತದೆ. ದಕ್ಷಿಣ ಭಾರತದ ಮೇಲೆ ಸುಮಾರು 17 ಕಿಲೋಮೀಟರ್ ಎತ್ತರದಲ್ಲಿ ಉಷ್ಣತೆ ಸೊನ್ನೆಗಿಂತ 80 ಡಿಗ್ರಿಯಷ್ಟು ಕೆಳಗಿಳಿಯುವುದುಂಟು. ಆ ಚಳಿಗೆ ಸಾಮಾನ್ಯ ಬ್ಯಾಟರಿಗಳು ಸೋಲುತ್ತವೆ. ಕೆಲವು ಜಿಪಿಎಸ್ ಯಂತ್ರಗಳು 18 ಕಿಲೋಮೀಟರ್ ದಾಟಿದೊಡನೆ ಮೌನ ತಾಳುತ್ತವೆ. ಇವನ್ನು ಮೊದಲೇ ಎಣಿಸಿ ಕಟ್ಟುವುದೇ ನಿಜವಾದ ಪಾಠ. ಸಿದ್ಧ ಪೆಟ್ಟಿಗೆಯನ್ನು ಕೊಂಡು ತಂದು ಹಾರಿಸಿದರೆ ಉತ್ಸವವಾದೀತು, ವಿದ್ಯೆಯಾಗದು. ವಿಮಾನಯಾನ ಅಧಿಕಾರಿಗಳ ಅನುಮತಿಯಿಲ್ಲದೆ ಹಾರಿಸುವುದಂತೂ ಸಲ್ಲದು. ನಿಯಮಪಾಲನೆಯೂ ಶಿಕ್ಷಣದ ಅಂಗವೇ.

ಇಲ್ಲಿ ಭಾಷೆಗೂ ಕೆಲಸವುಂಟು. ಪೆಟ್ಟಿಗೆ ಬೀಳುವುದು ಯಾವುದೋ ರೈತನ ಹೊಲದಲ್ಲಿ. ಬಾನಿನಿಂದ ಇಳಿದ ಅಪರಿಚಿತ ವಸ್ತುವನ್ನು ಕಂಡು ಆತ ಬೆದರಬಾರದು, ಒಡೆಯಲೂಬಾರದು. ಅದರ ಮೈಮೇಲೆ ಅಂಟಿಸಿದ ನಾಲ್ಕು ಸಾಲಿನ ಕನ್ನಡವೇ ಆಗ ಅದಕ್ಕೆ ರಕ್ಷೆ. ಗಾಳಿ ಗಡಿಯನ್ನರಿಯದಾದ್ದರಿಂದ ತೆಲುಗಿನಲ್ಲಿಯೋ ಮರಾಠಿಯಲ್ಲಿಯೋ ಬರೆಯಬೇಕಾಗಬಹುದು. ಆ ನಾಲ್ಕು ಸಾಲನ್ನು ತಿಳಿಯಾಗಿ ಬರೆಯಬಲ್ಲ ವಿದ್ಯಾರ್ಥಿಯ ವ್ಯಾಕರಣಾಭ್ಯಾಸ ವ್ಯರ್ಥವಾಗಿಲ್ಲ.

ದಾನಿಗಳಿಗೆ ಇದು ರುಚಿಸುವುದೇ ಎಂಬುದು ಕಠಿನವಾದ ಪ್ರಶ್ನೆ. ಕೊಠಡಿಯ ಗೋಡೆಯ ಮೇಲೆ ದಾನಿಯ ಹೆಸರು ಬಹುಕಾಲ ನಿಲ್ಲುತ್ತದೆ. ಬಲೂನಾದರೋ ಒಡೆಯಲೆಂದೇ ಏರುತ್ತದೆ. ಪೆಟ್ಟಿಗೆ ಮರಳಿ ಸಿಕ್ಕದೆಯೂ ಹೋಗಬಹುದು. ಆದರೆ ದಾಸೋಹದಲ್ಲಿ ಉಣಬಡಿಸಿದ ಅನ್ನದ ಮೇಲೆ ಯಾರೂ ಹೆಸರು ಕೆತ್ತಿಸಿದವರಲ್ಲ. ಅದು ಉಂಡವರ ಮೈಯಲ್ಲಿ ಬಲವಾಗಿ ಉಳಿಯಿತು. ಕಾಯಕವನ್ನು ಬೋಧಿಸುವ ಮಠದ ಶಾಲೆಯಲ್ಲಿ ಮಕ್ಕಳ ಕೈಗೆ ಕಾಯಕವಿಲ್ಲದಿದ್ದರೆ ಬೋಧನೆ ಬರಿಯ ಮಾತಾದೀತು. ಮುಂದಿನ ಕಟ್ಟಡಕ್ಕೆ ಮೊದಲು ಒಂದು ಕಾರ್ಯಾಗಾರ, ವರ್ಷಕ್ಕೊಂದು ಬಲೂನು: ಇಷ್ಟನ್ನು ದಾನಿಗಳೂ ಅಧ್ಯಾಪಕರೂ ಕೂಡಿ ನಡೆಸಿಕೊಡುವುದು ಉಚಿತ.