ಕಲ್ಲುಗುಪ್ಪೆಯ ಕೆಳಗಿನ ರಕ್ತಪಿಶಾಚಿ

ಡ್ರಾಕುಲಾ ಎಂದೊಡನೆ ಕಣ್ಣಮುಂದೆ ನಿಲ್ಲುವುದು ಟ್ರಾನ್ಸಿಲ್ವೇನಿಯಾದ ಕೋಟೆ. ಆದರೆ 1897ರಲ್ಲಿ ಆ ಕಾದಂಬರಿಯನ್ನು ಪ್ರಕಟಿಸಿದ ಬ್ರಾಮ್ ಸ್ಟೋಕರ್ ಆ ನಾಡನ್ನು ಕಂಡವನೇ ಅಲ್ಲ. ಡಬ್ಲಿನ್ನಿನಲ್ಲಿ ಹುಟ್ಟಿ, 1878ರಲ್ಲಿ ಲಂಡನ್ನಿಗೆ ಹೋಗಿ, ನಾಟಕಶಾಲೆಯೊಂದರ ವ್ಯವಸ್ಥಾಪಕನಾಗಿ ನೆಲೆಸಿದವನು ಅವನು. ಹೊರನಾಡಿನಲ್ಲಿ ಗೆದ್ದವನ ಮೇಲೆ ತವರು ಹಕ್ಕು ಸಾಧಿಸುವುದು ಎಲ್ಲೆಡೆಯೂ ಉಂಟಷ್ಟೆ. ಕ್ರಿಸ್ ಬಾ ನಿರ್ದೇಶಿಸಿದ ‘ಬಾಯ್ಸ್ ಫ್ರಂ ಕೌಂಟಿ ಹೆಲ್’ (2020) ಎಂಬ ಐರಿಷ್ ಚಿತ್ರ ಈ ಹಕ್ಕುಸಾಧನೆಯನ್ನೇ ನಗೆಗೆ ವಸ್ತುವಾಗಿಸಿಕೊಂಡಿದೆ.

ಚಿತ್ರದ ಕಲ್ಪಿತ ಹಳ್ಳಿಯಲ್ಲಿ ಸ್ಟೋಕರನ ಹೆಸರಿನದೇ ಒಂದು ಪಾನಗೃಹ, ಹೊಲದಲ್ಲೊಂದು ಕಲ್ಲುಗುಪ್ಪೆ, ಅದನ್ನು ನೋಡಬರುವ ಪ್ರವಾಸಿಗರನ್ನು ಹೆದರಿಸಿ ಕಾಲ ಕಳೆಯುವ ಹುಡುಗರು. ಗುಪ್ಪೆಯ ಕೆಳಗೆ ಮಲಗಿರುವವನು ಅವರ್ತಾಖ್. ಈ ಹೆಸರು ಮಾತ್ರ ಕಲ್ಪಿತವಲ್ಲ. ಡೆರಿ ಜಿಲ್ಲೆಯ ಸ್ಲಾಟವರ್ಟಿಯಲ್ಲಿ ಅವನದೆನ್ನುವ ಸಮಾಧಿ ಇಂದಿಗೂ ಇದೆ. ಕ್ರೂರಿಯೂ ಮಾಂತ್ರಿಕನೂ ಆದ ಈ ಕುಳ್ಳನನ್ನು ಕೊಂದು ನಿಂತ ಭಂಗಿಯಲ್ಲಿ ಹೂಳಿದರಂತೆ. ಮರುದಿನವೇ ಎದ್ದು ಬಂದ. ಮತ್ತೆ ಕೊಂದರು, ಮತ್ತೆ ಬಂದ. ಮೂರನೆಯ ಸಲ ತಲೆಕೆಳಗಾಗಿ ಹೂಳಿದ ಮೇಲೆಯೇ ಅಡಗಿದ್ದು. ಪಿ. ಡಬ್ಲ್ಯು. ಜಾಯ್ಸ್ ಎಂಬ ವಿದ್ವಾಂಸರು 19ನೆಯ ಶತಮಾನದಲ್ಲಿ ಸ್ಥಳನಾಮಗಳನ್ನು ಕುರಿತು ಬರೆಯುತ್ತ ಇದನ್ನು ದಾಖಲಿಸಿದರು. ಅವರ ಪಾಠದಲ್ಲಿ ರಕ್ತಪಾನದ ಸುದ್ದಿಯೇ ಇಲ್ಲ! ಡ್ರಾಕುಲಾನ ಮೂಲ ಇವನೇ ಎಂಬ ವಾದವನ್ನು ಪ್ರಚಾರಕ್ಕೆ ತಂದವರು ನಮ್ಮ ಕಾಲದ ಬಾಬ್ ಕರನ್. ಕಾದಂಬರಿಗಾಗಿ ಸ್ಟೋಕರ್ ಮಾಡಿಕೊಂಡ ಟಿಪ್ಪಣಿಗಳಲ್ಲಿ ಅವರ್ತಾಖನ ಹೆಸರಿಲ್ಲ.

ಹಾಗಾದರೆ ದಂತಕಥೆಯ ಬೆಲೆ ಕುಂದಿತೆ? ಕುಂದಬೇಕಿಲ್ಲ ಎಂಬುದೇ ನನ್ನ ವಾದ. ಜಗದ್ವಿಖ್ಯಾತ ಕೃತಿಯೊಂದರ ಶಿಫಾರಸು ಪತ್ರವಿಲ್ಲದೆ ನಮ್ಮೂರ ಕಥೆ ನಿಲ್ಲಲಾರದೆಂಬ ಕೀಳರಿಮೆ ಐರಿಷರಿಗೆ ಮಾತ್ರ ಮೀಸಲಲ್ಲ. 2018ರ ಹಿಂದಿ ಚಿತ್ರ ‘ಸ್ತ್ರೀ’ ನಮ್ಮ ಬಾಗಿಲುಗಳ ‘ನಾಳೆ ಬಾ’ ಬರಹವನ್ನು ಚಂದೇರಿಗೆ ಕೊಂಡೊಯ್ದಾಗಲೇ ಅದು ನಮ್ಮದೆಂದು ನೆರೆಯವರೆದುರು ಹಿಗ್ಗಿದವರು ನಮ್ಮಲ್ಲಿಯೂ ಉಂಟು.

ಐರಿಷ್ ಚಿತ್ರದ ಜಾಣತನವಿರುವುದು ಇಲ್ಲಿ. ಅದರ ಪಿಶಾಚಿ ಸ್ಟೋಕರನ ಪುಸ್ತಕವನ್ನು ಓದಿಕೊಂಡು ಬಂದದ್ದಲ್ಲ. ಅದು ಕಚ್ಚುವುದಿಲ್ಲ, ಸನಿಹದಲ್ಲಿದ್ದರೆ ಸಾಕು, ಮನುಷ್ಯರ ಕಣ್ಣು ಮೂಗುಗಳಿಂದ ರಕ್ತ ತಾನೇ ಹರಿದು ಅದರತ್ತ ಸಾಗುತ್ತದೆ. ಎದೆಗೆ ಗೂಟ ನೆಟ್ಟರೂ ಕೆಲಸ ಮುಗಿಯುವುದಿಲ್ಲ. ಕಾದಂಬರಿಯಿಂದ ಕಲಿತ ಉಪಾಯಗಳೆಲ್ಲ ಸೋತಾಗ, ಮುಂದೇನೆಂದು ಹುಡುಗರು ಹೆಣದ ಪಕ್ಕದಲ್ಲೇ ನಿಂತು ಜಗಳಾಡುತ್ತಾರೆ. ಭಯ ಮತ್ತು ನಗೆ ಒಂದೇ ಉಸಿರಿನಲ್ಲಿ ಬರುವುದು ಆಗಲೇ. ಉತ್ತರಾರ್ಧದ ಕತ್ತಲೆಯ ಹೋರಾಟಗಳು ತುಸು ಹೆಚ್ಚಾದವು.

ಪಿಶಾಚಿಯನ್ನು ಎಬ್ಬಿಸುವುದು ಮಂತ್ರವಲ್ಲ, ರಸ್ತೆ ಕಾಮಗಾರಿ. ಊರ ಹೊರಗಿನ ಬೈಪಾಸಿಗಾಗಿ ಕಲ್ಲುಗುಪ್ಪೆಯನ್ನು ಕೆಡವುವವರು ಗುತ್ತಿಗೆದಾರ ತಂದೆಯೂ ಅವನ ಮಗನೂ. ಇದನ್ನು ಕೇವಲ ಚಿತ್ರಕಥೆಯ ಅನುಕೂಲವೆನ್ನಲಾಗದು. 1999ರಲ್ಲಿ ಕ್ಲೇರ್ ಜಿಲ್ಲೆಯ ಲಟೂನಿನಲ್ಲಿ ಹೆದ್ದಾರಿಯ ದಾರಿಯಲ್ಲಿದ್ದ ಒಂದು ಮುಳ್ಳುಗಿಡ ಯಕ್ಷಿಣಿಯರ ತಾಣವೆಂದು ಕಥೆಗಾರ ಎಡ್ಡಿ ಲೆನಿಹನ್ ಪಟ್ಟುಹಿಡಿದರು. ಸ್ಟೋಕರನ ಹೆಸರಾಗಲಿ ಪ್ರವಾಸಿಗರ ಹಣವಾಗಲಿ ಅದರ ಬೆಂಬಲಕ್ಕಿರಲಿಲ್ಲ. ಊರವರ ಬಾಯಲ್ಲಿ ಉಳಿದ ಕಥೆಯಷ್ಟೇ ಇತ್ತು. ಗಿಡವನ್ನು ಕಡಿಯಲಿಲ್ಲ, ರಸ್ತೆ ಪಕ್ಕದಲ್ಲಿ ಹಾದುಹೋಯಿತು.