ಸಾವಿರ ಕೋಟಿಯ ಲೆಕ್ಕದಲ್ಲಿ ನಮ್ಮೂರಿನ ಸೀಟು ಎಷ್ಟು?

ನಮ್ಮ ಊರುಗಳ ವಾಟ್ಸಾಪ್ ಗುಂಪುಗಳಲ್ಲಿ ಮಳೆ, ಬೆಳೆ, ಸೊಸೈಟಿ ಸಾಲದ ಸುದ್ದಿಗಿಂತ ಜೋರಾಗಿ ಓಡಾಡುವ ಒಂದು ಸಂಖ್ಯೆ ಇದೆ. ಅದು ಸಿನಿಮಾದ ಕಲೆಕ್ಷನ್. ಕೆಜಿಎಫ್ ಚಾಪ್ಟರ್ 2 ಎಷ್ಟು ಮಾಡಿತು, ಪುಷ್ಪ 2 ಎಷ್ಟು ಮಾಡಿತು, ಕಾಂತಾರ ಚಾಪ್ಟರ್ 1 ಅದನ್ನು ಮುರಿಯಿತೋ ಇಲ್ಲವೋ ಅಂತ ರಾತ್ರಿ ಹನ್ನೊಂದರವರೆಗೂ ಜಗಳ. ಒಬ್ಬ ಪೋಸ್ಟರ್ ಹಾಕುತ್ತಾನೆ, ಇನ್ನೊಬ್ಬ ಅದು ಫೇಕ್ ಅನ್ನುತ್ತಾನೆ, ಮೂರನೆಯವನು ಇಬ್ಬರ ಮನೆಯವರನ್ನೂ ಎಳೆದು ತರುತ್ತಾನೆ. ಬೆಳಗ್ಗೆ ಡೇರಿಗೆ ಹಾಲು ಹಾಕುವಾಗ ಇಬ್ಬರೂ ಮುಖ ತಿರುಗಿಸಿಕೊಂಡು ನಿಂತಿರುತ್ತಾರೆ.

ಇದೇ ಹುಡುಗರನ್ನು ನಮ್ಮ ತಾಲ್ಲೂಕಿನ ಥಿಯೇಟರ್ ಯಾವ ವರ್ಷ ಬಾಗಿಲು ಹಾಕಿತು ಅಂತ ಕೇಳಿ ನೋಡಿ. ತಲೆ ಕೆರೆದುಕೊಳ್ಳುತ್ತಾರೆ.

ಅಭಿಮಾನ ಬಿಡಿ ಅಂತ ನಾವು ಹೇಳುವುದಿಲ್ಲ. ಕನ್ನಡದ ಚಿತ್ರ ಮುಂಬೈ, ದೆಹಲಿಯಲ್ಲಿ ಓಡಿದಾಗ ನಮಗೂ ಎದೆಯುಬ್ಬುತ್ತದೆ. ನಮ್ಮ ತಕರಾರು ಆ ಸಂಖ್ಯೆಯ ಮೇಲೆ. ಯಾವ ಕೋಟಿಗಾಗಿ ನಾವು ಬಡಿದಾಡುತ್ತೇವೋ ಆ ಕೋಟಿಯ ಲೆಕ್ಕದಲ್ಲಿ ಹಳ್ಳಿಯ ಪ್ರೇಕ್ಷಕನಿಗೆ ಪೂರ್ತಿ ಒಬ್ಬ ಮನುಷ್ಯನ ಬೆಲೆ ಇಲ್ಲ. ಕೋಟಿಗೆ ಜೈ ಅಂದಾಗಲೆಲ್ಲ ನಮ್ಮನ್ನು ನಾವೇ ಲೆಕ್ಕದಿಂದ ಹೊರಗೆ ಹಾಕಿಕೊಳ್ಳುತ್ತಿದ್ದೇವೆ. ಹೇಗೆ ಅಂತ ಒಂದೊಂದಾಗಿ ನೋಡೋಣ.

ಆ ಕೋಟಿಯಲ್ಲಿ ಏನೇನಿದೆ?

ಪೋಸ್ಟರಿನಲ್ಲಿ ಬರುವುದು ಗ್ರಾಸ್ ಕಲೆಕ್ಷನ್. ಅಂದರೆ ಕೌಂಟರಿನಲ್ಲಿ ನಾವು ಕೊಟ್ಟ ಅಷ್ಟೂ ದುಡ್ಡು. ಅದರಲ್ಲಿ ತೆರಿಗೆಯೂ ಸೇರಿದೆ. 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿವರೆಗಿನ ಟಿಕೆಟ್‌ಗೆ ಶೇ. 5, ಅದಕ್ಕಿಂತ ಹೆಚ್ಚಿನ ಟಿಕೆಟ್‌ಗೆ ಶೇ. 18 ಜಿಎಸ್‌ಟಿ ಇದೆ. 500 ರೂಪಾಯಿ ಟಿಕೆಟ್ ಆದರೆ ಮೇಲೆ 90 ರೂಪಾಯಿ ತೆರಿಗೆ. ಪ್ರೇಕ್ಷಕ ಕೊಟ್ಟಿದ್ದು 590. ಪೋಸ್ಟರಿನ ಲೆಕ್ಕದಲ್ಲಿ ಆ 90 ಕೂಡ ಹೀರೋನ ಸಾಧನೆ! ಸರ್ಕಾರಕ್ಕೆ ಕಟ್ಟಿದ ತೆರಿಗೆಗೂ ಶಿಳ್ಳೆ ಹೊಡೆಯುವವರು ಸಿನಿಮಾ ಅಭಿಮಾನಿಗಳು ಮಾತ್ರ.

ತೆರಿಗೆ ಕಳೆದು ಉಳಿದದ್ದು ನೆಟ್. ಅದರಲ್ಲಿ ಥಿಯೇಟರಿನವರ ಪಾಲು ಹೋಗಬೇಕು. ಮಲ್ಟಿಪ್ಲೆಕ್ಸ್ ಆದರೆ ಮೊದಲ ವಾರ ಹೆಚ್ಚುಕಡಿಮೆ ಅರ್ಧಕ್ಕರ್ಧ, ಆಮೇಲೆ ವಾರ ಕಳೆದಂತೆ ಅವರ ಪಾಲು ಏರುತ್ತದೆ. ನಮ್ಮ ಕಡೆಯ ಒಂಟಿ ಥಿಯೇಟರ್‌ಗಳಲ್ಲಿ ವಾರದ ಬಾಡಿಗೆ ಪದ್ಧತಿಯೂ ಇದೆ, ಶೇಕಡಾವಾರು ಪದ್ಧತಿಯೂ ಇದೆ. ಅದಾದ ಮೇಲೆ ವಿತರಕ, ಕೊನೆಗೆ ನಿರ್ಮಾಪಕ. 'ಸಾವಿರ ಕೋಟಿ ಬಾಚಿದ' ಅಂತ ನಾವು ಬರೆಯುವಾಗ ನಿರ್ಮಾಪಕರ ಕೈಗೆ ಬಂದದ್ದು ಅದರ ಅರ್ಧಕ್ಕಿಂತ ಕಡಿಮೆ ಇರುತ್ತದೆ.

ಇನ್ನು, ಈ ಸಂಖ್ಯೆ ಹೇಳುವವರು ಯಾರು? ಮಾರಾಟವಾದ ಟಿಕೆಟ್‌ಗಳನ್ನು ಎಣಿಸಿ, ಲೆಕ್ಕ ತಪಾಸಣೆ ಮಾಡಿ, ಜನರ ಮುಂದಿಡುವ ಸರ್ಕಾರಿ ಸಂಸ್ಥೆ ನಮ್ಮ ದೇಶದಲ್ಲಿಲ್ಲ. ನಿರ್ಮಾಪಕರು ಪೋಸ್ಟರ್ ಬಿಡುತ್ತಾರೆ, ವ್ಯಾಪಾರದ ವೆಬ್‌ಸೈಟ್‌ಗಳು ಅಂದಾಜು ಬರೆಯುತ್ತವೆ. ಎರಡಕ್ಕೂ ತಾಳೆಯಾಗುವುದು ಅಪರೂಪ. ಕೆಜಿಎಫ್ ಚಾಪ್ಟರ್ 2 ಜಗತ್ತಿನಾದ್ಯಂತ 1200 ಕೋಟಿ ದಾಟಿತು ಅನ್ನುವ ವರದಿಗಳೂ ಅಂಥ ಅಂದಾಜುಗಳೇ. ಎಪಿಎಂಸಿಯಲ್ಲಿ ನಮ್ಮ ಮೂಟೆ ತೂಗುವಾಗ ಐದು ಕೆಜಿ ವ್ಯತ್ಯಾಸ ಬಂದರೆ ಜಗಳಕ್ಕೆ ನಿಲ್ಲುವ ನಾವು, ಇಲ್ಲಿ ತಕ್ಕಡಿಯನ್ನೇ ನೋಡದೆ ತೂಕ ಒಪ್ಪಿಕೊಳ್ಳುತ್ತೇವೆ.

ದಿನ ಎಣಿಸುತ್ತಿದ್ದ ಕಾಲ

ನಮ್ಮ ಅಪ್ಪಂದಿರ ಕಾಲದಲ್ಲಿ ಸಿನಿಮಾ ಗೆದ್ದಿತು ಅನ್ನುವುದಕ್ಕೆ ಅಳತೆ ಬೇರೆ ಇತ್ತು. 25 ದಿನ, 50 ದಿನ, ಶತದಿನೋತ್ಸವ. 1972ರ 'ಬಂಗಾರದ ಮನುಷ್ಯ', 2006ರ 'ಮುಂಗಾರು ಮಳೆ' ಅಂದರೆ ಇವತ್ತಿಗೂ ಹಿರಿಯರ ಬಾಯಿಗೆ ಮೊದಲು ಬರುವುದು ಎಷ್ಟು ದಿನ ಓಡಿದವು ಅನ್ನುವ ಮಾತು. ಪತ್ರಿಕೆಯ ಜಾಹೀರಾತಿನಲ್ಲಿ ಊರಿನ ಹೆಸರು, ಥಿಯೇಟರ್ ಹೆಸರು ಪಟ್ಟಿಯಾಗಿ ಬರುತ್ತಿತ್ತು. ನಮ್ಮ ತಾಲ್ಲೂಕಿನ ಹೆಸರು ಆ ಪಟ್ಟಿಯಲ್ಲಿ ಕಂಡರೆ ಅದೇ ನಮ್ಮ ಹೆಮ್ಮೆ.

ಆ ಲೆಕ್ಕದಲ್ಲೂ ಆಟ ಇತ್ತು. ಖಾಲಿ ಹಾಲಿಗೆ ಬಾಡಿಗೆ ಕಟ್ಟಿ ನೂರು ದಿನ ತಳ್ಳಿದ ಚಿತ್ರಗಳೂ ಇದ್ದವು. ಆದರೂ ದಿನ ಎಣಿಸುವಾಗ ಒಂದು ನ್ಯಾಯ ಇತ್ತು. ಗಾಂಧಿ ಕ್ಲಾಸಿನಲ್ಲಿ ಕೂತವನೂ ಬಾಲ್ಕನಿಯಲ್ಲಿ ಕೂತವನೂ ಸೇರಿಯೇ ಚಿತ್ರವನ್ನು ನೂರನೇ ದಿನಕ್ಕೆ ಮುಟ್ಟಿಸುತ್ತಿದ್ದರು. ಜನ ಬಂದರೆ ಚಿತ್ರ ನಿಲ್ಲುತ್ತಿತ್ತು, ಬರದಿದ್ದರೆ ಶುಕ್ರವಾರ ಬೋರ್ಡು ಬದಲಾಗುತ್ತಿತ್ತು.

ಈಗ ಕೋಟಿಯ ಲೆಕ್ಕ ಹಾಕಿ. ನಮ್ಮ ಕಡೆಯ 400 ಸೀಟಿನ ಥಿಯೇಟರ್, ಟಿಕೆಟ್ 100 ರೂಪಾಯಿ, ಹೌಸ್‌ಫುಲ್. ಬಂದದ್ದು 40 ಸಾವಿರ. ನಗರದ ಮಾಲ್‌ನಲ್ಲಿ 80 ಸೀಟಿನ ಸಣ್ಣ ಪರದೆ, ಟಿಕೆಟ್ 500. ಅಲ್ಲೂ 40 ಸಾವಿರ. ಇಲ್ಲಿ 400 ಜನ, ಅಲ್ಲಿ 80 ಜನ. ಬಾಕ್ಸಾಫೀಸಿನ ಪುಸ್ತಕದಲ್ಲಿ ಎರಡೂ ಒಂದೇ. ಅಲ್ಲಿನ ಒಬ್ಬನಿಗೆ ಇಲ್ಲಿನ ಐದು ಜನ ಸಮ. ಎತ್ತಿನ ಗಾಡಿ ಕಟ್ಟಿಕೊಂಡು ಇಡೀ ಊರು ಬಂದು ನೋಡಿದರೂ, ರಿಕ್ಲೈನರ್ ಸೀಟಿನಲ್ಲಿ ಕಾಲು ಚಾಚಿ ಕೂತ ಒಂದು ಸಾಲಿನ ಜನ ಅದನ್ನು ಸರಿಗಟ್ಟುತ್ತಾರೆ.

ವ್ಯಾಪಾರಿಯ ಜಾಗದಲ್ಲಿ ನಿಂತು ಯೋಚಿಸಿ. 400 ಜನರನ್ನು ಸೇರಿಸುವ ಕಷ್ಟ ಯಾಕೆ? 80 ಜನರ ಹತ್ತಿರ ಐದು ಪಟ್ಟು ಕೇಳಿದರೆ ಸಾಕು. ಗೆಲುವಿನ ಅಳತೆ ಕೋಟಿ ಆದ ದಿನದಿಂದ ದೊಡ್ಡ ಸ್ಟುಡಿಯೋಗಳ ತೀರ್ಮಾನಗಳು ಆ ಕಡೆಗೇ ವಾಲಿವೆ. ಮತ್ತು ಆ ಅಳತೆಗೆ ದಿನಾ ಕೂಗಿ ಕೂಗಿ ಬಲ ಕೊಡುತ್ತಿರುವವರು ನಾವು.

200 ರೂಪಾಯಿಯ ಕಥೆ

2025ರ ಮಾರ್ಚ್ ಬಜೆಟ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು, ರಾಜ್ಯದ ಎಲ್ಲ ಥಿಯೇಟರ್‌ಗಳಲ್ಲಿ, ಮಲ್ಟಿಪ್ಲೆಕ್ಸ್ ಸೇರಿ, ಟಿಕೆಟ್ ದರಕ್ಕೆ 200 ರೂಪಾಯಿ ಮಿತಿ ಹಾಕುವುದಾಗಿ ಹೇಳಿದರು. ಸೆಪ್ಟೆಂಬರ್‌ನಲ್ಲಿ ನಿಯಮ ಬಂತು. ತೆರಿಗೆ ಬಿಟ್ಟು 200. 75 ಅಥವಾ ಅದಕ್ಕಿಂತ ಕಡಿಮೆ ಸೀಟಿನ ಐಷಾರಾಮಿ ಪರದೆಗಳಿಗೆ ವಿನಾಯಿತಿ. ಇದರ ವಿರುದ್ಧ ಮಲ್ಟಿಪ್ಲೆಕ್ಸ್ ಸಂಘ ಹೈಕೋರ್ಟಿಗೆ ಹೋಯಿತು. ಅರ್ಜಿದಾರರಲ್ಲಿ ಹೊಂಬಾಳೆ ಫಿಲ್ಮ್ಸ್ ಕೂಡ ಇತ್ತು. ಹೌದು, ಕೆಜಿಎಫ್ ಮಾಡಿದ, ಕಾಂತಾರ ಮಾಡಿದ ಅದೇ ಸಂಸ್ಥೆ. ಸೆಪ್ಟೆಂಬರ್ 23ರಂದು ಏಕಸದಸ್ಯ ಪೀಠ ನಿಯಮಕ್ಕೆ ಮಧ್ಯಂತರ ತಡೆ ಕೊಟ್ಟಿತು. ಅಕ್ಟೋಬರ್ 2ರಂದು ಕಾಂತಾರ ಚಾಪ್ಟರ್ 1 ಬಿಡುಗಡೆಯಾಯಿತು. ಅದಕ್ಕೂ ಮೊದಲು ವಿಭಾಗೀಯ ಪೀಠ, ಮಲ್ಟಿಪ್ಲೆಕ್ಸ್‌ಗಳು ಮಾರಿದ ಟಿಕೆಟ್‌ಗಳ ಪೂರ್ತಿ ಲೆಕ್ಕ ಇಟ್ಟುಕೊಳ್ಳಬೇಕು ಎಂದು ಹೇಳಿತು.

ಕೋರ್ಟಿಗೆ ಹೋಗುವುದು ಅವರ ಹಕ್ಕು. ದುಡ್ಡು ಹಾಕಿದವರು ದುಡ್ಡು ಕೇಳುತ್ತಾರೆ, ಅದರಲ್ಲಿ ಆಶ್ಚರ್ಯ ಇಲ್ಲ. ನಮಗೆ ಆಶ್ಚರ್ಯವಾದದ್ದು ನಮ್ಮ ಗುಂಪುಗಳಲ್ಲಿ ಕಂಡ ಸಂಭ್ರಮ. 'ತಡೆ ಸಿಕ್ತು, ಇನ್ನು ರೆಕಾರ್ಡ್ ಗ್ಯಾರಂಟಿ' ಅಂತ ಪಟಾಕಿಯ ಚಿತ್ರ ಹಾಕಿದವರು ಮಾಲ್ ಮಾಲೀಕರ ಮಕ್ಕಳಲ್ಲ. ಟ್ರ್ಯಾಕ್ಟರ್ ಓಡಿಸುವ, ಮೊಬೈಲ್ ಅಂಗಡಿಯಲ್ಲಿ ಕೂರುವ, ಐಟಿಐ ಓದುವ ನಮ್ಮ ಹುಡುಗರು. ತಮಗೆ ಟಿಕೆಟ್ ಅಗ್ಗವಾಗುವುದು ನಿಂತಿತು ಅಂತ ಟಿಕೆಟ್ ಕೊಳ್ಳುವವರೇ ಹಬ್ಬ ಮಾಡಿದರು.

ಒಬ್ಬರು ಕೇಳಿದರು: 'ನಮ್ಮೂರ ಥಿಯೇಟರಲ್ಲಿ ಟಿಕೆಟ್ಟು ಇರೋದೇ ನೂರು, ನೂರೈವತ್ತು. ಮಾಲ್ ರೇಟು ಕಟ್ಕೊಂಡು ನಮಗೇನು?' ಒಳ್ಳೆಯ ಪ್ರಶ್ನೆ. ಉತ್ತರ ಬೆಂಗಳೂರಿನಲ್ಲಿದೆ. ನಮ್ಮ ಪ್ರತಿ ಊರಿನಿಂದಲೂ ಅಲ್ಲಿಗೆ ಹೋದವರಿದ್ದಾರೆ. ಗಾರ್ಮೆಂಟ್ಸ್‌ಗೆ ಹೋದ ಅಕ್ಕಂದಿರು, ಕ್ಯಾಬ್ ಓಡಿಸುವ ಅಣ್ಣಂದಿರು, ಸೆಕ್ಯೂರಿಟಿ ಕೆಲಸದ ಚಿಕ್ಕಪ್ಪಂದಿರು. ಅಲ್ಲಿ ಒಂಟಿ ಥಿಯೇಟರ್‌ಗಳು ಒಂದೊಂದಾಗಿ ನೆಲಕ್ಕುರುಳಿವೆ. ಕಪಾಲಿ 2017ರಲ್ಲಿ ಹೋಯಿತು, ಕಾವೇರಿ 2024ರಲ್ಲಿ. ಉಳಿದದ್ದು ಹೆಚ್ಚಾಗಿ ಮಾಲ್. ಗಂಡ, ಹೆಂಡತಿ, ಎರಡು ಮಕ್ಕಳು ಒಂದು ಭಾನುವಾರ ಕನ್ನಡ ಚಿತ್ರ ನೋಡಲು ಹೋದರೆ, 500ರ ಟಿಕೆಟ್‌ನಲ್ಲಿ ತೆರಿಗೆ ಸೇರಿ 2,360 ರೂಪಾಯಿ. ಪಾಪ್‌ಕಾರ್ನ್ ಮಾತು ಬೇಡ. ಊರಿಗೆ ಕಳಿಸಬೇಕಾದ ದುಡ್ಡಿನಿಂದಲೇ ಅದು ಬರಬೇಕು.

'ಮಿತಿ ಹಾಕಿದರೆ ದೊಡ್ಡ ಚಿತ್ರಗಳೇ ಬರುವುದಿಲ್ಲ' ಅನ್ನುವುದು ಇನ್ನೊಂದು ವಾದ. ಪಕ್ಕದ ತಮಿಳುನಾಡನ್ನು ನೋಡಿ. ಅಲ್ಲಿ ಟಿಕೆಟ್ ದರಕ್ಕೆ ಸರ್ಕಾರದ ಮಿತಿ ಇದೆ. ನಮ್ಮ ಶಿವಣ್ಣ ಬಂದು ಹೋಗುವ 'ಜೈಲರ್', ವಿಜಯ್ ಅವರ 'ಲಿಯೋ' ಎರಡೂ 2023ರಲ್ಲಿ ಆ ಮಿತಿಯ ಒಳಗೇ ಓಡಿ ಭಾರಿ ಗಳಿಕೆ ಮಾಡಿದವು. ರಜನಿಕಾಂತ್ ಚಿತ್ರಕ್ಕೆ ಆಗುವುದು ನಮ್ಮವರ ಚಿತ್ರಕ್ಕೆ ಯಾಕಾಗುವುದಿಲ್ಲ?

ಚಾಪ್ಟರ್ ಮೇಲೆ ಚಾಪ್ಟರ್, ನಡುವೆ ಖಾಲಿ ಹಾಲು

ಮೊದಲ ಕಾಂತಾರ ನೆನಪಿಸಿಕೊಳ್ಳಿ. 2022ರ ಸೆಪ್ಟೆಂಬರ್ 30ರಂದು ಬಂದಾಗ ಅದು ಕನ್ನಡದಲ್ಲಿ ಮಾತ್ರ ಇತ್ತು. ಬಜೆಟ್ ಸುಮಾರು 16 ಕೋಟಿ ಅಂತ ಆಗ ವರದಿಯಾಗಿತ್ತು. ರಿಷಬ್ ಶೆಟ್ಟಿ ಅವರು ತಮ್ಮೂರು ಕೆರಾಡಿಯಲ್ಲೇ ಚಿತ್ರೀಕರಣ ಮಾಡಿದ್ದರು. ಜನ ನೋಡಿ ಬಂದು ಪಕ್ಕದ ಮನೆಯವರಿಗೆ ಹೇಳಿದರು, ಹಾಗೆ ಚಿತ್ರ ಬೆಳೆಯಿತು. ಹಿಂದಿ ಡಬ್ಬಿಂಗ್ ಬಂದದ್ದು ಎರಡು ವಾರದ ಮೇಲೆ. 2025ರ ಜುಲೈನಲ್ಲಿ ಬಂದ 'ಸು ಫ್ರಮ್ ಸೋ' ಕೂಡ ಹಾಗೆಯೇ. ಕರಾವಳಿಯ ಒಂದು ಊರಿನ ಕಥೆ, ಸಣ್ಣ ಬಜೆಟ್, ಬಾಯಿಂದ ಬಾಯಿಗೆ ಪ್ರಚಾರ.

ಇವುಗಳಿಂದ ಉದ್ಯಮ ಕಲಿಯಬೇಕಾಗಿದ್ದ ಪಾಠ ಸರಳ. ನಮ್ಮ ಊರಿನ ಕಥೆಗಳನ್ನು, ಕೈಗೆಟುಕುವ ಖರ್ಚಿನಲ್ಲಿ, ಹೆಚ್ಚು ಹೆಚ್ಚು ಮಾಡಿ. ದೊಡ್ಡವರು ಕಲಿತ ಪಾಠ ಬೇರೆ. ಗೆದ್ದದ್ದಕ್ಕೆ ಚಾಪ್ಟರ್ ಅಂಟಿಸಿ, ಖರ್ಚು ಹತ್ತು ಪಟ್ಟು ಹೆಚ್ಚಿಸಿ, ಮೂರು ವರ್ಷ ಕಾಯಿಸಿ. ಕಾಂತಾರದಿಂದ ಅದರ ಹಿಂದಿನ ಕಥೆ ಹೇಳುವ ಚಿತ್ರಕ್ಕೆ ಮೂರು ವರ್ಷ. 2022ರ ಏಪ್ರಿಲ್ 14ರ ಕೆಜಿಎಫ್ ಚಾಪ್ಟರ್ 2 ಆದಮೇಲೆ 2025 ಮುಗಿದರೂ ಯಶ್ ಅವರ ಇನ್ನೊಂದು ಚಿತ್ರ ಬರಲಿಲ್ಲ. ಚಾಪ್ಟರ್ 3ರ ಸುಳಿವು ಮಾತ್ರ ಅದರ ಕೊನೆಯಲ್ಲೇ ಇತ್ತು. ಆ ಸುಳಿವನ್ನು ಹಿಡಿದುಕೊಂಡು ನಮ್ಮವರು ವರ್ಷಗಟ್ಟಲೆ ಜಗಳವಾಡುತ್ತಲೇ ಇದ್ದಾರೆ.

ಈ ಕಾಯುವಿಕೆಯ ಬೆಲೆ ತೆರುವವರು ಯಾರು? ತಾಲ್ಲೂಕಿನ ಥಿಯೇಟರ್. ಅದಕ್ಕೆ ಪ್ರತಿ ಶುಕ್ರವಾರ ಚಿತ್ರ ಬೇಕು. ಕರೆಂಟ್ ಬಿಲ್ ಪ್ರತಿ ತಿಂಗಳೂ ಬರುತ್ತದೆ. ಆಪರೇಟರ್, ಗೇಟ್‌ಕೀಪರ್, ಸೈಕಲ್ ಸ್ಟ್ಯಾಂಡಿನವನು, ಕಡ್ಲೆಕಾಯಿ ಮಾರುವ ಅಜ್ಜಿ, ಇವರ ಮನೆಯಲ್ಲಿ ಒಲೆ ದಿನಾ ಉರಿಯಬೇಕು. ಡಾ. ರಾಜ್‌ಕುಮಾರ್ ಅವರ ಕಾಲದಲ್ಲಿ ಒಂದೇ ವರ್ಷದಲ್ಲಿ ಅವರ ಹಲವು ಚಿತ್ರಗಳು ಬರುತ್ತಿದ್ದವು, ಥಿಯೇಟರ್ ಬದುಕುತ್ತಿತ್ತು. ಈಗ ಮೂರು ವರ್ಷಕ್ಕೊಮ್ಮೆ ಬರುವ ಒಂದು ಜಾತ್ರೆಯನ್ನು ನಂಬಿ ಯಾರು ಹಾಲು ನಡೆಸುತ್ತಾರೆ? ಕಲ್ಯಾಣ ಮಂಟಪ ಮಾಡಿದರೆ ಮುಹೂರ್ತ ಇದ್ದಾಗೆಲ್ಲ ಬಾಡಿಗೆ ಬರುತ್ತದೆ, ಗೋಡೌನ್ ಮಾಡಿದರೆ ವರ್ಷವಿಡೀ ಬರುತ್ತದೆ. ಅದಕ್ಕೇ ನಮ್ಮ ಊರುಗಳ 'ಲಕ್ಷ್ಮಿ', 'ವೆಂಕಟೇಶ್ವರ'ಗಳಲ್ಲಿ ಈಗ ಮದುವೆ ಊಟ ನಡೆಯುತ್ತಿದೆ, ಇಲ್ಲವೇ ಗೊಬ್ಬರದ ಮೂಟೆ ಬಿದ್ದಿದೆ.

ಹಿಂದೆ ದೊಡ್ಡ ಊರಿನಲ್ಲಿ ಓಡಿ ಮುಗಿದ ಚಿತ್ರ ಒಂದೆರಡು ತಿಂಗಳ ಮೇಲೆ ನಮ್ಮ ಟೆಂಟಿಗೆ ಬರುತ್ತಿತ್ತು. ಪ್ರಿಂಟ್ ಗೀರು ಬಿದ್ದಿರಲಿ, ಜನ ತುಂಬುತ್ತಿದ್ದರು. ಈಗ ಕಾಂತಾರ ಚಾಪ್ಟರ್ 1 ಅಕ್ಟೋಬರ್ 31ಕ್ಕೇ ಅಮೆಜಾನ್ ಪ್ರೈಮ್‌ಗೆ ಬಂತು. ಬಿಡುಗಡೆಯಾಗಿ ತಿಂಗಳೂ ತುಂಬಿರಲಿಲ್ಲ. ಎರಡು ಬಸ್ಸು ಬದಲಿಸಿ ಸಿನಿಮಾಗೆ ಹೋಗಬೇಕಾದ ಊರಿನವರು ಇನ್ನೇನು ಮಾಡುತ್ತಾರೆ? ಫೋನಿನಲ್ಲಿ ನೋಡುತ್ತಾರೆ. ಫೋನಿನಲ್ಲಿ ನೋಡಿದವರು ಬಾಕ್ಸಾಫೀಸ್ ಲೆಕ್ಕದಲ್ಲಿ ಐದರಲ್ಲೊಬ್ಬರೂ ಅಲ್ಲ. ಸೊನ್ನೆ.

ಜಗಳ ಆಡಿ, ಆದರೆ ಇದಕ್ಕೆ ಆಡಿ

ಅಭಿಮಾನಿಗಳಿಗೆ ಬಲ ಇದೆ. ಒಂದು ಟ್ರೈಲರ್ ಬಂದ ಗಂಟೆಯೊಳಗೆ ಊರೂರಿಗೆ ಮುಟ್ಟಿಸುವವರು ನೀವು. ಕಟೌಟ್‌ಗೆ ಸ್ವಂತ ಕೈಯಿಂದ ದುಡ್ಡು ಹಾಕುವವರು ನೀವು. ಆ ಬಲವನ್ನು ಪಕ್ಕದ ಬೀದಿಯ ಹುಡುಗನ ಮೇಲೆ ತೀರಿಸಿಕೊಳ್ಳುವ ಬದಲು ಸ್ಟುಡಿಯೋಗಳನ್ನು, ಸರ್ಕಾರವನ್ನು ಕೇಳಲು ಬಳಸಿ.

ಮೊದಲನೆಯದು, ಕೋಟಿಯ ಜೊತೆಗೆ ಮಾರಿದ ಟಿಕೆಟ್ ಎಷ್ಟು ಅಂತ ಪೋಸ್ಟರಿನಲ್ಲಿ ಹಾಕಲಿ. ಎಷ್ಟು ಜನ ನೋಡಿದರು ಅನ್ನುವುದು ಗೊತ್ತಾದರೆ ನಾನೂರು ಜನರ ನಮ್ಮ ಹಾಲು, ಎಂಬತ್ತು ಜನರ ಮಾಲ್ ಯಾವುದು ಹೆಚ್ಚು ಅಂತ ಎಲ್ಲರಿಗೂ ಕಾಣುತ್ತದೆ. ಎರಡನೆಯದು, ದೊಡ್ಡ ಚಿತ್ರ ಫೋನಿಗೆ ಬರುವ ಮೊದಲು ಸಣ್ಣ ಊರಿನ ಥಿಯೇಟರ್‌ಗಳಿಗೆ ಕಡಿಮೆ ದರದಲ್ಲಿ ಒಂದೆರಡು ವಾರ ಬರಲಿ. ಮೂರನೆಯದು, 100 ರೂಪಾಯಿಯೊಳಗೆ ಟಿಕೆಟ್ ಇಟ್ಟು ನಡೆಸುವ ತಾಲ್ಲೂಕು ಥಿಯೇಟರ್‌ಗೆ ಕರೆಂಟ್ ದರದಲ್ಲೋ ಲೈಸೆನ್ಸ್‌ನಲ್ಲೋ ರಿಯಾಯಿತಿ ಕೊಡಿ ಅಂತ ನಿಮ್ಮ ಶಾಸಕರನ್ನು ಕೇಳಿ. ಮೈಸೂರಿನ ಫಿಲ್ಮ್ ಸಿಟಿಗೆ 500 ಕೋಟಿಯ ಯೋಜನೆ ಘೋಷಿಸಿದ ಬಜೆಟ್‌ಗೆ, ಸಿನಿಮಾ ನೋಡುವ ಜಾಗ ಉಳಿಸುವುದು ಭಾರವಾಗಲಾರದು.

ನಾಲ್ಕನೆಯದು ನಿಮ್ಮ ಕೈಯಲ್ಲೇ ಇದೆ. ತಾಲ್ಲೂಕಿನಲ್ಲಿ ಥಿಯೇಟರ್ ಇನ್ನೂ ನಡೆಯುತ್ತಿದ್ದರೆ, ಸ್ಟಾರ್ ಇಲ್ಲದ ಕನ್ನಡ ಚಿತ್ರ ಬಂದ ವಾರವೂ ಒಮ್ಮೆ ಹೋಗಿ ಕೂತು ಬನ್ನಿ. ಚೆನ್ನಾಗಿದ್ದರೆ ಗುಂಪಿನಲ್ಲಿ ಹಾಕಿ, ಇಲ್ಲದಿದ್ದರೆ ಬೈಯಿರಿ. ನೋಡಿ ಬೈಯಿರಿ.

ಮುಂದಿನ ಚಾಪ್ಟರ್ ಬಂದೇ ಬರುತ್ತದೆ. ಮೊದಲ ದಿನವೇ ಕೋಟಿಯ ಪೋಸ್ಟರ್ ನಿಮ್ಮ ಫೋನಿಗೂ ಬರುತ್ತದೆ. ಅದನ್ನು ಇನ್ನೊಂದು ಗುಂಪಿಗೆ ತಳ್ಳುವ ಮೊದಲು ಅದರ ಕೆಳಗೆ ಎರಡು ಸಾಲು ಬರೆಯಿರಿ: 'ಎಷ್ಟು ಟಿಕೆಟ್ ಮಾರಿದಿರಿ? ನಮ್ಮ ತಾಲ್ಲೂಕಿನಲ್ಲಿ ಯಾವ ಥಿಯೇಟರ್?' ಪ್ರತಿ ಊರಿನಿಂದ ಹತ್ತು ಜನ ಹೀಗೆ ಕೇಳಲಿ. ಉತ್ತರ ಬರುವವರೆಗೂ ಕೇಳುತ್ತಲೇ ಇರಲಿ.